ಕೋಶದ್ರವ್ಯ ಮತ್ತು ಜೀವಕೋಶದಲ್ಲಿ ಅದರ ಕಾರ್ಯ

ಪ್ರೌಢಶಾಲೆಯ ಜೀವವಿಜ್ಞಾನದ ಉತ್ತರಪತ್ರಿಕೆಗಳಲ್ಲಿ ‘ಕೋಶದ್ರವ್ಯ’ ಎಂಬ ಪದವನ್ನು ಮಕ್ಕಳು ‘ಕೋಶದ್ರವ’ ಎಂದು ಬರೆದಿರುವುದು ಆಗಾಗ ಕಾಣಸಿಗುತ್ತದೆ. ಅದನ್ನು ಒತ್ತಕ್ಷರದ ದೋಷವೆಂದು ಭಾವಿಸಿ, ಕೆಂಪು ಶಾಯಿಯಲ್ಲಿ ಯಕಾರದ ಒತ್ತನ್ನು ಸೇರಿಸಿ ಮುಂದುವರಿಯುವುದು ವಾಡಿಕೆ. ಆದರೆ ಅಲ್ಲಿ ಕಾಗುಣಿತದ ಜೊತೆಗೆ ವಿಜ್ಞಾನವೂ ತಪ್ಪಿರುತ್ತದೆ. ದ್ರವವೆಂದರೆ ಹರಿಯುವ ವಸ್ತು. ದ್ರವ್ಯವೆಂದರೆ ಪದಾರ್ಥ, ಸಾಮಗ್ರಿ. ಒತ್ತಕ್ಷರವನ್ನು ಬಿಟ್ಟ ಮಗುವಿನ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವ ಚಿತ್ರವೂ ಆ ಬರಹಕ್ಕೆ ತಕ್ಕಂತೆಯೇ ಇರುತ್ತದೆ: ಒಂದು ಚೀಲ, ಚೀಲದ ತುಂಬ ನೀರು, ನೀರಿನಲ್ಲಿ ತೇಲುವ ಒಂದು ಗುಂಡು.

ಈ ಕಲ್ಪನೆಗೆ ಕರಿಹಲಗೆಯ ಚಿತ್ರವೂ ಕಾರಣವಾಗಿದೆ. ಜೀವಕೋಶದ ಚಿತ್ರವನ್ನು ಬರೆಯುವಾಗ ಕೋಶಪೊರೆ, ಕೋಶಕೇಂದ್ರ, ಮೈಟೋಕಾಂಡ್ರಿಯ, ರಸದಾನಿ ಇವುಗಳಿಗೆಲ್ಲ ಗೆರೆಗಳಿರುತ್ತವೆ. ಗೆರೆಗಳು ಮುಗಿದ ಮೇಲೆ ಉಳಿದ ಖಾಲಿ ಜಾಗಕ್ಕೆ ಒಂದು ಬಾಣವನ್ನೆಳೆದು ‘ಕೋಶದ್ರವ್ಯ’ ಎಂದು ಗುರುತಿಸಲಾಗುತ್ತದೆ. ಹೀಗೆ ಜೀವಕೋಶದ ಬಹುಪಾಲು ಕೆಲಸ ನಡೆಯುವ ಸ್ಥಳವು ಮಗುವಿಗೆ ‘ಏನೂ ಇಲ್ಲದ ಜಾಗ’ವಾಗಿ ಪರಿಚಯವಾಗುತ್ತದೆ. ಈ ಪಾಠವನ್ನು ಕಲಿಸುವ ಶಿಕ್ಷಕರು ಮೊದಲು ತೊಡೆದುಹಾಕಬೇಕಾದುದು ಈ ಖಾಲಿತನವನ್ನು.

ಅರ್ಥ ಮತ್ತು ಪದ

ಕೋಶಪೊರೆಯ ಒಳಗೆ, ಕೋಶಕೇಂದ್ರದ ಹೊರಗೆ ಇರುವುದೆಲ್ಲವೂ ಕೋಶದ್ರವ್ಯ. ಈ ವಾಕ್ಯದಲ್ಲಿ ‘ಎಲ್ಲವೂ’ ಎಂಬ ಪದದ ಮೇಲೆ ಒತ್ತು ಬೀಳಬೇಕು. ಮೈಟೋಕಾಂಡ್ರಿಯ, ರೈಬೋಸೋಮ್, ಗಾಲ್ಗಿ ಸಂಕೀರ್ಣ, ಸಸ್ಯಕೋಶದ ಕ್ಲೋರೋಪ್ಲಾಸ್ಟ್ ಮೊದಲಾದ ಕಣದಂಗಗಳು, ಶೇಖರವಾದ ಪಿಷ್ಟದ ಕಾಳುಗಳು, ಕೊಬ್ಬಿನ ಹನಿಗಳು, ಕೋಶಕ್ಕೆ ಆಕಾರ ಕೊಡುವ ಪ್ರೋಟೀನ್ ಎಳೆಗಳ ಹಂದರ, ಇವೆಲ್ಲ ಕೋಶದ್ರವ್ಯದ ಭಾಗಗಳೇ. ಇವುಗಳನ್ನೆಲ್ಲ ಸುತ್ತುವರಿದಿರುವ ಜಲಯುಕ್ತ ಮಾಧ್ಯಮಕ್ಕೆ ಸೈಟೋಸಾಲ್ ಎಂಬ ಬೇರೆ ಹೆಸರಿದೆ. ಸೈಟೋಸಾಲ್ ಮತ್ತು ಕೋಶದ್ರವ್ಯ ಒಂದೇ ಎಂದು ಹೇಳುವುದು, ಊರಿನ ಬೀದಿಗಳನ್ನೇ ಊರು ಎಂದು ಕರೆದಂತೆ. ಜೀವದ್ರವ್ಯ ಅಥವಾ ಪ್ರೋಟೋಪ್ಲಾಸಂ ಎಂಬುದು ಕೋಶಕೇಂದ್ರವನ್ನೂ ಒಳಗೊಂಡ ಹಳೆಯ, ವಿಶಾಲವಾದ ಪದ. ಕೆಲವು ಕಡೆ ಬಳಕೆಯಲ್ಲಿರುವ ‘ಕೋಶರಸ’ವನ್ನು ಬಿಡುವುದೇ ಲೇಸು, ರಸದಾನಿಯೊಳಗಿನ ದ್ರವಕ್ಕೂ ಅದೇ ಪದ ಬಳಕೆಯಾಗುವುದರಿಂದ ಗೊಂದಲಕ್ಕೆ ಎಡೆಯಾಗುತ್ತದೆ.

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಪದದ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾದುದು. ಕಾಸರಗೋಡಿನ ಮಗುವಿಗೆ ತೊಡಕು ಕಡಿಮೆ. ಮಲಯಾಳದಲ್ಲಿಯೂ ಅದು ಕೋಶದ್ರವ್ಯಂ. ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮಗು ನೆರೆಮನೆಯ ಗೆಳೆಯನ ಮರಾಠಿ ಪುಸ್ತಕದಲ್ಲಿ ‘ಪೇಶಿದ್ರವ್ಯ’ ಎಂಬ ಪದವನ್ನು ನೋಡುತ್ತದೆ. ಮರಾಠಿಯಲ್ಲಿ ಪೇಶಿಯೆಂದರೆ ಜೀವಕೋಶ. ಕನ್ನಡದಲ್ಲಿ ಮಾಂಸಪೇಶಿ ಎಂದಾಗ ಮನಸ್ಸಿಗೆ ಬರುವುದು ಸ್ನಾಯು. ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ತೆಲುಗಿನ ‘ಕಣದ್ರವ್ಯಂ’ ಕಿವಿಗೆ ಬೀಳುತ್ತದೆ. ತೆಲುಗಿಗೆ ಕಣವೇ ಜೀವಕೋಶ. ಕನ್ನಡಕ್ಕೆ ಕಣವೆಂದರೆ ಸಣ್ಣ ಚೂರು, ಇಲ್ಲವೆ ರಾಶಿ ಮಾಡುವ ಜಾಗ. ಹೊಸೂರು, ತಾಳವಾಡಿಗಳ ಮಗು ತಮಿಳಿನಲ್ಲಿ ಸೈಟೋಪ್ಲಾಸಂ ಎಂಬ ಪದವನ್ನೇ ಕೇಳುತ್ತದೆ. ಪಾಠದ ಮೊದಲ ದಿನವೇ ಹಲಗೆಯ ಮೇಲೆ ಕನ್ನಡದ ಪದ, ನೆರೆಭಾಷೆಯ ಪದ ಮತ್ತು ಸೈಟೋಪ್ಲಾಸಂ ಎಂಬ ಪದ, ಈ ಮೂರನ್ನೂ ಕನ್ನಡ ಲಿಪಿಯಲ್ಲಿ ಬರೆದು ಅವುಗಳ ಸಂಬಂಧವನ್ನು ತಿಳಿಸುವುದು ಅವಶ್ಯ. ಹತ್ತನೆಯ ತರಗತಿಯ ಬಳಿಕ ಬೇರೆ ಮಾಧ್ಯಮದ ತರಗತಿಯಲ್ಲಿ ಕುಳಿತುಕೊಳ್ಳಬೇಕಾದ ಮಗುವಿಗೆ ತಾನು ಕಲಿತ ವಿಷಯವೇ ಬೇರೆ ಹೆಸರಿನಲ್ಲಿ ಎದುರಾಗಿದೆ ಎಂಬ ಗುರುತು ಹತ್ತದಿದ್ದರೆ, ಕಲಿತದ್ದೂ ಕಲಿಯದಂತೆಯೇ ಆಗುತ್ತದೆ.

ಹೆಸರಿನ ಚರಿತ್ರೆಯಲ್ಲಿಯೂ ಇದೇ ಖಾಲಿತನದ ನೆರಳಿದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡ ಗೂಡುಗಳಿಗೆ ‘ಕೋಣೆ’ ಎಂಬ ಅರ್ಥದ ಹೆಸರನ್ನಿಟ್ಟನು. ಅವನು ಬೆಂಡಿನಲ್ಲಿ ಕಂಡುದು ಸತ್ತ ಕೋಶಗಳ ಗೋಡೆಗಳನ್ನು. ಒಳಗಿನ ಜೀವಂತ ವಸ್ತು ಅಲ್ಲಿಂದ ಎಂದೋ ಹೋಗಿಬಿಟ್ಟಿತ್ತು. 1774ರಲ್ಲಿ ಇಟಲಿಯ ಬೊನಾವೆಂಚುರಾ ಕೊರ್ಟಿ ಕಾರಾ ಎಂಬ ಜಲಸಸ್ಯದ ಕೋಶಗಳೊಳಗೆ ಏನೋ ಹರಿದಾಡುತ್ತಿರುವುದನ್ನು ಕಂಡನು. 1835ರಲ್ಲಿ ಡುಜಾರ್ಡಿನ್ ಏಕಕೋಶ ಜೀವಿಗಳ ಒಳಗಿನ ಅಂಟಂಟಾದ ವಸ್ತುವನ್ನು ವಿವರಿಸಿದನು. 1839ರಲ್ಲಿ ಪುರ್ಕಿನ್ಯೆ ‘ಪ್ರೋಟೋಪ್ಲಾಸಂ’ ಎಂಬ ಪದವನ್ನು ಬಳಸಿದನು. 1846ರಲ್ಲಿ ಫಾನ್ ಮೋಲ್ ಅದನ್ನು ಸಸ್ಯಕೋಶಗಳಿಗೆ ಅನ್ವಯಿಸಿದನು. ‘ಸೈಟೋಪ್ಲಾಸಂ’ ಎಂಬ ಪದ ಕೋಲಿಕರನಿಂದ ಬಂದುದು 1860ರ ದಶಕದಲ್ಲಿ. ಗೋಡೆಗೆ ಹೆಸರು ಸಿಕ್ಕಿ ಸುಮಾರು ಇನ್ನೂರು ವರ್ಷಗಳ ಮೇಲೆ ಮನೆಯೊಳಗಿನ ವಸ್ತುವಿಗೆ ಈಗಿನ ಹೆಸರು ಸಿಕ್ಕಿತು.

ಚಲನೆಯನ್ನು ಕಣ್ಣಾರೆ ಕಾಣುವುದು

ತರಗತಿಯಲ್ಲಿ ಜೀವಕೋಶವನ್ನು ತೋರಿಸಲು ಈರುಳ್ಳಿಯ ಪೊರೆಯನ್ನು ಬಳಸುವುದು ರೂಢಿ. ಅದು ಸುಲಭ, ಅಗ್ಗ. ಆದರೆ ಕೋಶದ್ರವ್ಯದ ಮಟ್ಟಿಗೆ ಅದೊಂದು ಹಿನ್ನಡೆ. ಅಯೋಡಿನ್ ಹಾಕಿದ ಕೂಡಲೇ ಕೋಶ ಸಾಯುತ್ತದೆ. ಮಕ್ಕಳಿಗೆ ಕಾಣುವುದು ಇಟ್ಟಿಗೆಯ ಗೋಡೆಯಂತಹ ಸಾಲುಗಳು ಮತ್ತು ಬಣ್ಣ ಹೀರಿದ ಕೋಶಕೇಂದ್ರಗಳು. ಹುಕ್ ಕಂಡ ಖಾಲಿ ಕೋಣೆಗಳನ್ನೇ ಅವರೂ ಬಹುಮಟ್ಟಿಗೆ ಮತ್ತೊಮ್ಮೆ ಕಂಡಂತಾಗುತ್ತದೆ. ಈರುಳ್ಳಿಯ ಪ್ರಯೋಗವನ್ನು ಬಿಡಬೇಕಾಗಿಲ್ಲ. ಅದರ ಮರುದಿನವಾದರೂ ಹೈಡ್ರಿಲ್ಲದ ಎಲೆಯನ್ನು ತೋರಿಸಬೇಕು.

ಹೈಡ್ರಿಲ್ಲ ಕೆರೆ, ಕಟ್ಟೆ, ಮದಕ, ಕಾಲುವೆಗಳಲ್ಲಿ ಬೆಳೆಯುವ ಜಲಸಸ್ಯ. ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆ ಶಾಲೆಗಳಲ್ಲಿ ಹೇಗೂ ತರಲಾಗುತ್ತದೆ. ಇದರ ಎಲೆ ನಡುನರದ ಹೊರತಾಗಿ ಎರಡೇ ಪದರ ಕೋಶಗಳಷ್ಟು ತೆಳುವಾದುದರಿಂದ ಸೀಳುವ, ಬಣ್ಣ ಹಾಕುವ ಶ್ರಮವಿಲ್ಲ. ತುದಿಯ ಒಂದು ಎಳೆಯ ಎಲೆಯನ್ನು ಕಿತ್ತು, ಅದು ಬೆಳೆದಿದ್ದ ನೀರಿನ ಹನಿಯಲ್ಲಿಯೇ ಇರಿಸಿ, ಮೇಲೊಂದು ಗಾಜಿನ ಹೊದಿಕೆಯನ್ನಿಟ್ಟರೆ ಸಾಕು. ನೋಡುವುದಕ್ಕೆ ಅರ್ಧ ಗಂಟೆ ಮುಂಚೆ ಗಿಡವನ್ನು ಬೆಳಕಿನಲ್ಲಿಡಬೇಕು. ನೀಲಗಿರಿಯಂತಹ ತಂಪು ಪ್ರದೇಶದಲ್ಲಿ ಬೆಳಗಿನ ಹೊತ್ತು ನೀರು ತಣ್ಣಗಿದ್ದರೆ ಚಲನೆ ನಿಧಾನವಾಗುತ್ತದೆ. ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ ಅನುಕೂಲ. ನಡುನರದ ಬಳಿಯ ಉದ್ದನೆಯ ಕೋಶಗಳ ಮೇಲೆ ದೃಷ್ಟಿಯನ್ನು ನೆಟ್ಟು, ಮಕ್ಕಳಿಗೆ ಒಂದೆರಡು ನಿಮಿಷ ಸುಮ್ಮನೆ ಕಾಯುವಂತೆ ಹೇಳಬೇಕು. ಸರದಿಯ ಆತುರದಲ್ಲಿ ಹತ್ತು ಸೆಕೆಂಡಿಗೊಬ್ಬರನ್ನು ಎಬ್ಬಿಸಿದರೆ ಯಾರಿಗೂ ಏನೂ ಕಾಣುವುದಿಲ್ಲ.

ಕಾದವರಿಗೆ ಹಸಿರು ಮಣಿಗಳಂತಹ ಕ್ಲೋರೋಪ್ಲಾಸ್ಟ್‌ಗಳು ಕೋಶದ ಅಂಚಿನಗುಂಟ ಒಂದೇ ದಿಕ್ಕಿನಲ್ಲಿ ಸಾಲಾಗಿ ಸುತ್ತುತ್ತಿರುವುದು ಕಾಣುತ್ತದೆ. ಆಗ ಮಕ್ಕಳು ಸಹಜವಾಗಿ ಹೇಳುವ ಮಾತು, ಅವು ಈಜುತ್ತಿವೆ ಎಂಬುದು. ಇಲ್ಲಿ ಶಿಕ್ಷಕರು ಒಂದು ಪ್ರಶ್ನೆಯನ್ನು ಕೇಳಬೇಕು: ಹೊಳೆಯಲ್ಲಿ ತೇಲಿ ಬರುವ ತೆಂಗಿನಕಾಯಿ ಈಜುತ್ತದೆಯೇ? ಚಲಿಸುತ್ತಿರುವುದು ಕೋಶದ್ರವ್ಯ, ಕ್ಲೋರೋಪ್ಲಾಸ್ಟ್‌ಗಳು ಅದರೊಡನೆ ಸಾಗುತ್ತಿವೆ. ಕೋಶದ ನಡುವೆ ದೊಡ್ಡ ರಸದಾನಿಯಿರುವುದರಿಂದ ಕೋಶದ್ರವ್ಯವು ಗೋಡೆಯ ಬದಿಗೆ ಒತ್ತಿಕೊಂಡು ತೆಳುವಾದ ಪದರವಾಗಿದೆ; ಸುತ್ತಾಟ ಅಂಚಿನಲ್ಲಿಯೇ ಕಾಣುವುದಕ್ಕೆ ಕಾರಣ ಇದು. ಚಲನೆಯನ್ನು ಉಂಟುಮಾಡುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ಹೆಜ್ಜೆಯಿಡುತ್ತ ಸಾಗುವ ಮಯೋಸಿನ್ ಎಂಬ ಮತ್ತೊಂದು ಪ್ರೋಟೀನು. ಒಂದೊಂದು ಹೆಜ್ಜೆಗೂ ಎಟಿಪಿ ಖರ್ಚಾಗುತ್ತದೆ. ನಮ್ಮ ತೋಳಿನ ಸ್ನಾಯು ಸಂಕುಚಿಸುವಾಗ ಕೆಲಸ ಮಾಡುವುದೂ ಇದೇ ಎರಡು ಪ್ರೋಟೀನುಗಳ ಜೋಡಿ ಎಂಬ ಸಂಗತಿಯನ್ನು ಇಲ್ಲಿ ಹೇಳದೆ ಬಿಡಬಾರದು. ಕೆರೆಯ ಕಳೆಗೂ ಕುಸ್ತಿಯ ಪೈಲವಾನನಿಗೂ ಇರುವ ಈ ನೆಂಟಸ್ತಿಕೆ ಮಕ್ಕಳ ನೆನಪಿನಲ್ಲಿ ಉಳಿಯುವಂಥದು.

ಸೂಕ್ಷ್ಮದರ್ಶಕವೇ ಇಲ್ಲದ ಶಾಲೆಗಳುಂಟು. ಅಂತಹ ಕಡೆ ಕಾಗದವನ್ನು ಮಡಿಸಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಅಗ್ಗದ ಉಪಕರಣದಿಂದಲೂ ಕ್ಲೋರೋಪ್ಲಾಸ್ಟ್‌ಗಳನ್ನು ಗುರುತಿಸಬಹುದು. ಅದು ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

ಕೋಶದ್ರವ್ಯ ಏಕೆ ಚಲಿಸಬೇಕು? ಈ ಪ್ರಶ್ನೆಗೆ ಉತ್ತರವನ್ನು ಗಣಿತದ ಮೂಲಕ ಕೊಡುವುದು ಚೆನ್ನು. ನೀರಿನಲ್ಲಿ ಸಣ್ಣ ಅಣುವೊಂದು ತಾನಾಗಿ ವಿಸರಣೆಯಿಂದ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ ದೂರವನ್ನು ಕ್ರಮಿಸಲು ಸರಿಸುಮಾರು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಸಾಕು. ಸಾಮಾನ್ಯ ಕೋಶದ ಅಳತೆಗೆ ಅದು ಧಾರಾಳ ವೇಗ. ಆದರೆ ವಿಸರಣೆಯಲ್ಲಿ ದೂರ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟಾಗುತ್ತದೆ. ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು. ಒಂದು ಸೆಂಟಿಮೀಟರ್ ಎಂದರೆ ಮೊದಲಿನ ದೂರದ ಸಾವಿರ ಪಟ್ಟು. ಅದಕ್ಕೆ ತಗಲುವ ಕಾಲ ಹತ್ತು ಲಕ್ಷ ಪಟ್ಟು, ಅಂದರೆ ಸುಮಾರು 50,000 ಸೆಕೆಂಡು, ಹೆಚ್ಚುಕಡಿಮೆ 14 ಗಂಟೆ. ಕಾರಾ ಸಸ್ಯದ ಒಂದೊಂದು ಕೋಶವೂ ಹಲವು ಸೆಂಟಿಮೀಟರ್ ಉದ್ದವಿರುತ್ತದೆ. ವಿಸರಣೆಯನ್ನೇ ನಂಬಿದ್ದರೆ ಅದರ ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ಮುಟ್ಟುವುದು ದಿನಗಳ ಮೇಲೆ. ಅಲ್ಲಿ ಕೋಶದ್ರವ್ಯವು ಸೆಕೆಂಡಿಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗಿನ ವೇಗದಲ್ಲಿ ಹರಿಯುತ್ತದೆ. ಒಂದು ಸೆಂಟಿಮೀಟರಿಗೆ ನೂರು ಸೆಕೆಂಡು ಸಾಕು. 14 ಗಂಟೆ ಮತ್ತು ನೂರು ಸೆಕೆಂಡು, ಈ ಎರಡು ಅಂಕೆಗಳನ್ನು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದರೆ ವಿವರಣೆಗೆ ಹೆಚ್ಚು ಮಾತು ಬೇಕಾಗುವುದಿಲ್ಲ.

ಪ್ರಾಣಿಗಳಲ್ಲಿಯೂ ಹೀಗೆಯೇ. ಬೆನ್ನುಹುರಿಯಿಂದ ಕಾಲ ಬೆರಳಿನವರೆಗೆ ಚಾಚಿಕೊಂಡಿರುವ ನರಕೋಶದ ತಂತು ಸುಮಾರು ಒಂದು ಮೀಟರ್ ಉದ್ದವಿರಬಹುದು. ಅದರೊಳಗಿನ ಕೋಶದ್ರವ್ಯದಲ್ಲಿ ಸಾಮಗ್ರಿ ತುಂಬಿದ ಕಿರುಚೀಲಗಳು ಪ್ರೋಟೀನ್ ಹಳಿಗಳ ಮೇಲೆ ದಿನಕ್ಕೆ 400 ಮಿಲಿಮೀಟರಿನವರೆಗೆ ಸಾಗುತ್ತವೆ. ಅಷ್ಟು ವೇಗದಲ್ಲಿ ಹೊರಟ ಸಾಮಗ್ರಿಯೂ ಪಾದವನ್ನು ಮುಟ್ಟಲು ಎರಡೂವರೆ ದಿನ ಬೇಕು. ಅಮೀಬ ಮಿಥ್ಯಾಪಾದವನ್ನು ಚಾಚುವಾಗ ಅದರ ಕೋಶದ್ರವ್ಯ ಒಂದೆಡೆ ಗಟ್ಟಿಯಾಗಿ, ಇನ್ನೊಂದೆಡೆ ಸಡಿಲವಾಗಿ ಹರಿಯುತ್ತದೆ. ಗಟ್ಟಿತನ ಮತ್ತು ಸಡಿಲತನಗಳ ನಡುವಿನ ಈ ಹೊಯ್ದಾಟವನ್ನು ಮುಂದೆ ಇನ್ನೊಂದು ಸಂದರ್ಭದಲ್ಲಿ ಗಮನಿಸಬೇಕಾಗಿದೆ.

ಕಿಕ್ಕಿರಿದ ಬೀದಿ

ಕೋಶದ್ರವ್ಯದ ತೂಕದಲ್ಲಿ ಸುಮಾರು 70 ಭಾಗ ನೀರು ಎಂಬ ಮಾತು ಪುಸ್ತಕಗಳಲ್ಲಿರುತ್ತದೆ. ಇದನ್ನೋದಿದ ಮಗು ಮತ್ತೆ ನೀರಿನ ಚೀಲಕ್ಕೇ ಮರಳುತ್ತದೆ. ಆದುದರಿಂದ ಉಳಿದ 30 ಭಾಗದ ಮಹತ್ವವನ್ನು ಹೇಳಬೇಕು. ಕೋಳಿಮೊಟ್ಟೆಯ ಬಿಳಿಭಾಗ ಎಷ್ಟು ಲೋಳೆಯಾಗಿರುತ್ತದೆಂಬುದು ಎಲ್ಲರಿಗೂ ಗೊತ್ತು. ಅದರಲ್ಲಿ ಪ್ರೋಟೀನಿನ ಪಾಲು ಶೇಕಡಾ 10ರಷ್ಟು ಮಾತ್ರ. ಕೋಶದ್ರವ್ಯದಲ್ಲಿ ಪ್ರೋಟೀನು ಅದರ ಎರಡು ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. (ಮೊಟ್ಟೆಯ ಬಿಳಿಭಾಗವೇ ಕೋಶದ್ರವ್ಯ ಎಂಬ ತಪ್ಪು ಉದಾಹರಣೆ ಕೆಲವು ತರಗತಿಗಳಲ್ಲಿ ನುಸುಳಿದೆ. ಬಿಳಿಭಾಗವು ಅಂಡಕೋಶದ ಹೊರಗಿನದು. ಹಳದಿಯ ಗುಂಡು ಮಾತ್ರ ಅಂಡಕೋಶ, ಅದರ ಬಹುಪಾಲೂ ಶೇಖರಿಸಿಟ್ಟ ಆಹಾರ.) ಜಾತ್ರೆಯ ದಿನ ತೇರಿನ ಬೀದಿಯಲ್ಲಿ ನಡೆಯುವುದು ಹೇಗೋ ಕೋಶದ್ರವ್ಯದೊಳಗೆ ಒಂದು ದೊಡ್ಡ ಅಣು ಸಾಗುವುದು ಹಾಗೆ: ಒಂದು ಹೆಜ್ಜೆಯಿಟ್ಟರೆ ನಾಲ್ವರ ಮೈ ತಾಗುತ್ತದೆ. ಈ ಇಕ್ಕಟ್ಟಿನಿಂದ ಉಪಯೋಗವೂ ಇದೆ. ಪರಸ್ಪರ ಸೇರಬೇಕಾದ ಅಣುಗಳು ಬೇಗ ಎದುರಾಗುತ್ತವೆ.

ಲವಣಗಳ ವಿಷಯದಲ್ಲಿಯೂ ಕೋಶದ್ರವ್ಯವು ಹೊರಗಿನ ದ್ರವದ ನಕಲಲ್ಲ. ನಮ್ಮ ರಕ್ತದ್ರವದಲ್ಲಿ ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಕಡಿಮೆ. ಕೋಶದ್ರವ್ಯದಲ್ಲಿ ಇದಕ್ಕೆ ತಿರುಗುಮುರುಗು. ಕ್ಯಾಲ್ಸಿಯಂ ಅಂತೂ ಹೊರಗಿರುವುದರ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ ಸೈಟೋಸಾಲಿನಲ್ಲಿ ಬಿಡಿಯಾಗಿರುತ್ತದೆ. ಅಷ್ಟು ಕಡಿಮೆಯಿರುವುದರಿಂದಲೇ, ಒಂದಿಷ್ಟು ಕ್ಯಾಲ್ಸಿಯಂ ಒಳನುಗ್ಗಿದರೂ ಕೋಶ ಅದನ್ನು ಕೂಡಲೇ ಸಂಕೇತವೆಂದು ಗ್ರಹಿಸುತ್ತದೆ. ಸ್ನಾಯು ಸಂಕುಚಿಸುವುದು ಇಂತಹ ಸಂಕೇತದಿಂದ. ಈ ಅಂತರವನ್ನು ಕಾಯ್ದುಕೊಳ್ಳಲು ಕೋಶವು ಹಗಲಿರುಳೂ ಶಕ್ತಿಯನ್ನು ವ್ಯಯಿಸುತ್ತದೆ.

ಇಲ್ಲಿ ನಡೆಯುವ ಕೆಲಸಗಳಲ್ಲಿ ಎರಡನ್ನು ಪ್ರೌಢಶಾಲಾ ಹಂತದಲ್ಲಿ ಬಿಡಬಾರದು. ಒಂದು, ಗ್ಲುಕೋಸಿನ ಮೊದಲ ಹಂತದ ವಿಭಜನೆ. ‘ಶಕ್ತಿ ಉತ್ಪಾದನೆ ಎಲ್ಲಿ?’ ಎಂದರೆ ಮೈಟೋಕಾಂಡ್ರಿಯ ಎಂದು ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ. ಆದರೆ ಗ್ಲುಕೋಸ್ ಅಣು ಮೊದಲು ಒಡೆಯುವುದು ಸೈಟೋಸಾಲಿನಲ್ಲಿ, ಆಮ್ಲಜನಕದ ನೆರವಿಲ್ಲದೆ. ಒಂದು ಗ್ಲುಕೋಸಿನಿಂದ ಎರಡು ಪೈರುವೇಟ್ ಅಣುಗಳೂ ನಿವ್ವಳ ಎರಡು ಎಟಿಪಿಗಳೂ ದೊರೆಯುತ್ತವೆ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವುದರೊಳಗೆ ಉಬ್ಬಿ ಹುಳಿಯಾಗುವುದು ಬ್ಯಾಕ್ಟೀರಿಯಗಳ ಕೋಶದ್ರವ್ಯದಲ್ಲಿ ಸಕ್ಕರೆ ಒಡೆಯುವುದರಿಂದ. ಅವುಗಳಿಗೆ ಮೈಟೋಕಾಂಡ್ರಿಯವೇ ಇಲ್ಲ. ವೇಗವಾಗಿ ಓಡುವಾಗ ನಮ್ಮ ಸ್ನಾಯುಗಳಲ್ಲಿ ಲ್ಯಾಕ್ಟೇಟ್ ಉಂಟಾಗುವುದೂ ಸೈಟೋಸಾಲಿನಲ್ಲಿಯೇ. (ಓಟದ ಮರುದಿನ ಕಾಲು ನೋಯುವುದಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ಹಳೆಯ ಮಾತನ್ನು ಬಿಡಬೇಕು; ಅದು ಒಂದೆರಡು ಗಂಟೆಗಳಲ್ಲಿ ಕರಗಿಹೋಗಿರುತ್ತದೆ.) ಎರಡನೆಯದು, ಪ್ರೋಟೀನ್ ತಯಾರಿಕೆ. ಕೋಶಕೇಂದ್ರದಿಂದ ಆರ್‌ಎನ್‌ಎ ರೂಪದಲ್ಲಿ ಆದೇಶ ಬರುತ್ತದೆ. ಅದನ್ನು ಓದಿ ಪ್ರೋಟೀನನ್ನು ಹೆಣೆಯುವುದು ಕೋಶದ್ರವ್ಯದಲ್ಲಿ ಹರಡಿಕೊಂಡಿರುವ ಹತ್ತಾರು ಲಕ್ಷ ರೈಬೋಸೋಮ್‌ಗಳು.

ಗಟ್ಟಿಯಾಗುವ ಕೋಶದ್ರವ್ಯ: ಕುಡುಗೋಲು ಕೋಶದ ರೋಗ

ಕೋಶದ್ರವ್ಯದ ಸ್ಥಿತಿಗೂ ಮನುಷ್ಯನ ಆರೋಗ್ಯಕ್ಕೂ ಇರುವ ಸಂಬಂಧವನ್ನು ತೋರಿಸಲು ಕೆಂಪು ರಕ್ತಕೋಶಕ್ಕಿಂತ ಉತ್ತಮ ಉದಾಹರಣೆ ಇಲ್ಲ. ಬಲಿತ ಕೆಂಪು ರಕ್ತಕೋಶದಲ್ಲಿ ಕೋಶಕೇಂದ್ರವಿಲ್ಲ, ಮೈಟೋಕಾಂಡ್ರಿಯವಿಲ್ಲ, ರೈಬೋಸೋಮುಗಳೂ ಇಲ್ಲ. ಅದು ಕೋಶಪೊರೆಯ ಒಂದು ಚೀಲ ಮತ್ತು ಅದರ ತುಂಬ ಸೈಟೋಸಾಲ್. ಅದರ ತೂಕದ ಮೂರನೆಯ ಒಂದು ಭಾಗದಷ್ಟು ಹೀಮೋಗ್ಲೋಬಿನ್. ಒಂದೊಂದು ಕೋಶದಲ್ಲಿ ಸುಮಾರು 27 ಕೋಟಿ ಅಣುಗಳು. ಇಷ್ಟು ಕಿಕ್ಕಿರಿದಿದ್ದರೂ ಅವು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಆದುದರಿಂದಲೇ ಏಳೆಂಟು ಮೈಕ್ರೋಮೀಟರ್ ಅಗಲದ ಈ ಕೋಶವು ತನಗಿಂತ ಕಿರಿದಾದ ಲೋಮನಾಳಗಳಲ್ಲಿಯೂ ಮಡಿಚಿಕೊಂಡು ನುಸುಳುತ್ತದೆ. ಬೇಕಾದ ಎಟಿಪಿಯನ್ನೆಲ್ಲ ಸೈಟೋಸಾಲಿನಲ್ಲಿಯೇ ಗ್ಲುಕೋಸನ್ನು ಒಡೆದು ಪಡೆಯುತ್ತ, ಸುಮಾರು 120 ದಿನ ಬಾಳುತ್ತದೆ.

ಕುಡುಗೋಲು ಕೋಶದ ರೋಗ ಅಥವಾ ಸಿಕಲ್ ಸೆಲ್ ರಕ್ತಹೀನತೆಯಲ್ಲಿ ಹೀಮೋಗ್ಲೋಬಿನ್ನಿನ ಬೀಟಾ ಸರಣಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಇರುತ್ತದೆ. ಬದಲಾದುದು ಇಷ್ಟೇ. ಆದರೆ ಈ ಹೀಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಕಟ್ಟಿಗೆಗಳಂತಾಗುತ್ತವೆ. ಹರಿಯುತ್ತಿದ್ದ ಕೋಶದ್ರವ್ಯ ಹೆಪ್ಪುಗಟ್ಟುತ್ತದೆ. ಕೋಶ ಬಾಗಿ ಕುಡುಗೋಲಿನಂತಾಗುತ್ತದೆ. ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ದಾರಿಯನ್ನು ಮುಚ್ಚುತ್ತದೆ. ಮೂಳೆಗಳಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವ ತೀವ್ರ ನೋವಿನ ಮೂಲ ಇಲ್ಲಿದೆ. ಇಂತಹ ಕೋಶಗಳು 120 ದಿನಗಳ ಬದಲು ಹತ್ತಿಪ್ಪತ್ತು ದಿನಗಳಲ್ಲಿಯೇ ನಾಶವಾಗುವುದರಿಂದ ರಕ್ತಹೀನತೆಯೂ ಉಂಟಾಗುತ್ತದೆ.

ಈ ಕೈಪಿಡಿಯನ್ನು ಬಳಸುವ ಶಿಕ್ಷಕರಲ್ಲಿ ಕೆಲವರಿಗೆ ಇದು ಪುಸ್ತಕದಾಚೆಯ ವಿಷಯ. ಭಾರತದಲ್ಲಿ ಈ ಗುಣವನ್ನು ಲೇಹ್‌ಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು 1952ರಲ್ಲಿ ಮೊದಲು ವರದಿ ಮಾಡಿದುದು ನೀಲಗಿರಿಯ ಬುಡಕಟ್ಟು ಸಮುದಾಯಗಳಲ್ಲಿ. ವಯನಾಡಿನಲ್ಲಿಯೂ ಈ ರೋಗ ಇದೆ. 2023ರಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಕಾರ್ಯಕ್ರಮದ ತಪಾಸಣೆಗಳು ಇಂತಹ ಪ್ರದೇಶಗಳಿಗಾಗಿಯೇ ಇವೆ.

ಕೋಶದ್ರವ್ಯದ ಪಾಠ ಇಲ್ಲಿ ನೇರವಾಗಿ ತರಗತಿಯ ನಡವಳಿಕೆಗೆ ತಾಗುತ್ತದೆ. ಶರೀರದಲ್ಲಿ ನೀರು ಕಡಿಮೆಯಾದರೆ ಕೆಂಪುಕೋಶದೊಳಗಿನ ನೀರೂ ಕಡಿಮೆಯಾಗಿ ಹೀಮೋಗ್ಲೋಬಿನ್ನಿನ ಸಾಂದ್ರತೆ ಏರುತ್ತದೆ. ಸಾಂದ್ರತೆ ಕೊಂಚ ಏರಿದರೂ ಹೆಪ್ಪುಗಟ್ಟಲು ತಗಲುವ ಕಾಲ ಬಹಳಷ್ಟು ಇಳಿಯುತ್ತದೆ. ಕೋಶವು ಲೋಮನಾಳವನ್ನು ದಾಟುವ ಮೊದಲೇ ಗಟ್ಟಿಯಾಗುವುದೋ ದಾಟಿದ ಮೇಲೆ ಆಮ್ಲಜನಕ ಪಡೆದು ಸಡಿಲವಾಗುವುದೋ ಎಂಬುದು ಈ ಸಣ್ಣ ಅಂತರದಿಂದ ನಿರ್ಧಾರವಾಗುತ್ತದೆ. ಆದುದರಿಂದ ಈ ರೋಗವಿರುವ ಮಗುವಿಗೆ ದಿನವಿಡೀ ನೀರು ಕುಡಿಯಲು ಅವಕಾಶವಿರಬೇಕು. ಇಂತಹ ಮಕ್ಕಳ ಮೂತ್ರಪಿಂಡಗಳು ಮೂತ್ರವನ್ನು ಸಾಂದ್ರಗೊಳಿಸುವಲ್ಲಿ ಹಿಂದಾಗಿರುವುದರಿಂದ ಅವರು ಪದೇ ಪದೇ ಹೊರಗೆ ಹೋಗಬೇಕಾಗುತ್ತದೆ. ‘ಈಗ ತಾನೇ ಹೋಗಿ ಬಂದೆಯಲ್ಲ’ ಎಂದು ಗದರಿಸಿದರೆ ಮಗು ನೀರು ಕುಡಿಯುವುದನ್ನೇ ಬಿಡುತ್ತದೆ, ಅದು ಅಪಾಯ. ಮಳೆಯಲ್ಲಿ ನೆನೆಯುವುದು, ಚಳಿಯಲ್ಲಿ ನಿಲ್ಲಿಸುವುದು, ಬಿಸಿಲಿನಲ್ಲಿ ದಣಿಯುವಂತೆ ಓಡಿಸುವುದು ಇವನ್ನು ತಪ್ಪಿಸಬೇಕು. ಜ್ವರ, ಎದೆನೋವು, ಉಸಿರಾಟದ ತೊಂದರೆ ಅಥವಾ ತೀವ್ರವಾದ ನೋವು ಕಂಡರೆ ತಡಮಾಡದೆ ಪೋಷಕರಿಗೆ ತಿಳಿಸಿ ಆಸ್ಪತ್ರೆಗೆ ಸೇರಿಸಬೇಕು. ರೋಗವನ್ನು ಗುರುತಿಸುವುದು ಶಿಕ್ಷಕರ ಕೆಲಸವಲ್ಲ. ತರಗತಿಯಲ್ಲಿ ಯಾವ ಮಗುವನ್ನೂ, ಯಾವ ಸಮುದಾಯವನ್ನೂ ಬೆರಳು ಮಾಡಿ ತೋರಿಸಿ ಈ ಉದಾಹರಣೆಯನ್ನು ಹೇಳಲೇಬಾರದು. ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಗುಣವನ್ನು ಪಡೆದ ವಾಹಕರು ಸಾಮಾನ್ಯವಾಗಿ ಆರೋಗ್ಯವಂತರೇ ಆಗಿರುತ್ತಾರೆಂಬುದನ್ನೂ ತಿಳಿಸಬೇಕು.

ತಾಯಿಯ ಕಡೆಯಿಂದ ಬರುವುದು

‘ಕೋಶಕೇಂದ್ರ ಅರಸ, ಕೋಶದ್ರವ್ಯ ಆಳು’ ಎಂಬ ಹೋಲಿಕೆ ಜನಪ್ರಿಯವಾಗಿದೆ. ಇದನ್ನು ಎಚ್ಚರದಿಂದ ಬಳಸಬೇಕು. ಮೈಟೋಕಾಂಡ್ರಿಯ ಮತ್ತು ಕ್ಲೋರೋಪ್ಲಾಸ್ಟ್‌ಗಳಲ್ಲಿ ಅವುಗಳದೇ ಆದ ಡಿಎನ್‌ಎ ಇದೆ. ಬಹುಪಾಲು ಸಸ್ಯಗಳಲ್ಲಿ ಪರಾಗದಿಂದ ಬರುವುದು ಮುಖ್ಯವಾಗಿ ಕೋಶಕೇಂದ್ರ. ಕೋಶದ್ರವ್ಯ ಬರುವುದು ತಾಯಿಸಸ್ಯದ ಅಂಡಕೋಶದಿಂದ. ಜೋಳದಲ್ಲಿ 1954ರಲ್ಲಿ ಸ್ಟೀಫನ್ಸ್ ಮತ್ತು ಹಾಲೆಂಡ್ ಒಂದು ವಿಚಿತ್ರವನ್ನು ವರದಿ ಮಾಡಿದರು. ಮೈಲೋ ಎಂಬ ಬಗೆಯ ಕೋಶದ್ರವ್ಯದೊಳಗೆ ಕಾಫಿರ್ ಎಂಬ ಬಗೆಯ ಕೋಶಕೇಂದ್ರ ಬಂದಾಗ ಆ ಗಿಡದಲ್ಲಿ ಫಲವತ್ತಾದ ಪರಾಗ ಹುಟ್ಟುವುದಿಲ್ಲ. ಜೋಳ ತನ್ನ ಪರಾಗದಿಂದಲೇ ಹೆಚ್ಚಾಗಿ ಕಾಳುಕಟ್ಟುವ ಬೆಳೆ. ಒಂದೊಂದು ಹೂವಿನ ಕೇಸರವನ್ನೂ ಕಿತ್ತು ಮಿಶ್ರತಳಿ ಮಾಡುವುದು ಅಸಾಧ್ಯ. ಕೋಶದ್ರವ್ಯದ ಈ ಗುಣ ಆ ಶ್ರಮವನ್ನು ತಪ್ಪಿಸಿತು. 1964ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಸಿಎಸ್‌ಎಚ್-1 ಎಂಬ ಮಿಶ್ರತಳಿ ಜೋಳ ಹುಟ್ಟಿದುದು ಹೀಗೆ.

ಸೋಲಾಪುರ, ಜತ್ತ ಸೀಮೆಯ ಮಕ್ಕಳಿಗೆ ಇದನ್ನು ಹೇಳುವಾಗ ಅವರ ಮನೆಯ ಹಿಂಗಾರಿ ಜೋಳದಿಂದಲೇ ಆರಂಭಿಸಬಹುದು. ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದ ಆಯ್ದ ಎಂ 35-1 ಮಿಶ್ರತಳಿಯಲ್ಲ. ಅದರ ಬೀಜವನ್ನು ಮನೆಯಲ್ಲಿಯೇ ಉಳಿಸಿಕೊಂಡು ಮತ್ತೆ ಬಿತ್ತಬಹುದು. ಮಿಶ್ರತಳಿಯ ಬೀಜವನ್ನು ಪ್ರತಿ ಸಲವೂ ಕೊಳ್ಳಬೇಕು. ಈ ವ್ಯತ್ಯಾಸ ರೈತರ ಮನೆಯ ಮಕ್ಕಳಿಗೆ ಗೊತ್ತೇ ಇರುತ್ತದೆ. ಅದರ ಹಿಂದಿನ ಕಾರಣ ಮಾತ್ರ ಗೊತ್ತಿರುವುದಿಲ್ಲ. ಎಲ್ಲ ಹೊಲಗಳಲ್ಲಿಯೂ ಒಂದೇ ಕೋಶದ್ರವ್ಯವಿದ್ದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಮೆಕ್ಕೆಜೋಳ ಸಾಕ್ಷಿ. 1970ರಲ್ಲಿ ಅಲ್ಲಿ ಬೆಳೆಯುತ್ತಿದ್ದ ಮಿಶ್ರತಳಿಗಳಲ್ಲಿ ಹೆಚ್ಚಿನವು ‘ಟಿ’ ಎಂಬ ಒಂದೇ ಬಗೆಯ ಕೋಶದ್ರವ್ಯವನ್ನು ಹೊಂದಿದ್ದವು. ಆ ಕೋಶದ್ರವ್ಯದ ಮೈಟೋಕಾಂಡ್ರಿಯವನ್ನೇ ಕೆಡಿಸುವ ವಿಷವುಳ್ಳ ಎಲೆ ಅಂಗಮಾರಿಯ ಶಿಲೀಂಧ್ರ ಹಬ್ಬಿ, ದೇಶದ ಮೆಕ್ಕೆಜೋಳದ ಬೆಳೆಯಲ್ಲಿ ಸುಮಾರು ಶೇಕಡಾ 15 ನಾಶವಾಯಿತು.

ಮೌಲ್ಯಮಾಪನದ ಬಗ್ಗೆ

‘ಕೋಶದ್ರವ್ಯ ಎಂದರೇನು?’ ಎಂಬ ಪ್ರಶ್ನೆಗೆ ಬರುವ ಉತ್ತರದಿಂದ ಮಗು ವಾಕ್ಯವನ್ನು ಬಾಯಿಪಾಠ ಮಾಡಿದೆಯೆಂಬುದಷ್ಟೇ ತಿಳಿಯುತ್ತದೆ. ಅದರ ಬದಲು ಬೇರೆ ಬಗೆಯ ಪ್ರಶ್ನೆಗಳನ್ನು ಕೇಳಬಹುದು. ಹೈಡ್ರಿಲ್ಲದ ಕೋಶದಲ್ಲಿ ಕ್ಲೋರೋಪ್ಲಾಸ್ಟ್‌ಗಳು ನಡುವಿನಲ್ಲಿ ಕಾಣದೆ ಅಂಚಿನಲ್ಲಿಯೇ ಏಕೆ ಸುತ್ತುತ್ತವೆ? ಮೈಟೋಕಾಂಡ್ರಿಯವಿಲ್ಲದ ಕೆಂಪು ರಕ್ತಕೋಶಕ್ಕೆ ಶಕ್ತಿ ಎಲ್ಲಿಂದ? ಮೊಟ್ಟೆಯ ಬಿಳಿಭಾಗವನ್ನು ಕೋಶದ್ರವ್ಯವೆಂದು ಕರೆದವನಿಗೆ ಏನು ಉತ್ತರ ಕೊಡುವೆ? ಚಿತ್ರದ ವಿಷಯದಲ್ಲಿ ಒಂದು ಸಣ್ಣ ಬದಲಾವಣೆ ಸಾಕು: ಕೋಶದ ಚಿತ್ರವನ್ನು ಬರೆಯುವಾಗ ಮಕ್ಕಳು ಖಾಲಿ ಬಿಟ್ಟ ಜಾಗವನ್ನು ಮೊದಲು ಪೆನ್ಸಿಲಿನಿಂದ ಚುಕ್ಕೆಗಳಿಟ್ಟು ದಟ್ಟವಾಗಿ ತುಂಬಿ, ಚಲನೆಯ ದಿಕ್ಕನ್ನು ಬಾಣಗಳಿಂದ ಗುರುತಿಸಿ, ಆಮೇಲೆ ಹೆಸರನ್ನು ಬರೆಯಲಿ. ‘ಕೋಶದ್ರವ’ ಎಂದು ಬರೆದ ಮಗುವಿಗೆ ಅಂಕವನ್ನು ಕಳೆಯುವ ಮೊದಲು ಆ ಚಿತ್ರವನ್ನು ತೋರಿಸಿ, ಇದು ಹರಿಯುವ ನೀರೋ, ತುಂಬಿದ ಸಾಮಗ್ರಿಯೋ ಎಂದು ಕೇಳುವುದು ಉಚಿತ. ಒತ್ತಕ್ಷರವನ್ನು ಮಗುವೇ ತಿದ್ದಿಕೊಳ್ಳುತ್ತದೆ.